ವಿರಾಜಪೇಟೆಯ 'ಅನ್ನಮ್ಮ': ಒಂದು ಹೀಬ್ರೂ ಹೆಸರಿನ ರೂಪ ಮತ್ತು ಅರ್ಥ

ಕೊಡಗಿನ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯವು 1792ರಲ್ಲಿ ಸ್ಥಾಪಿತವಾಯಿತು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ಯಾಥೊಲಿಕರಿಗೆ ಅರಸ ದೊಡ್ಡ ವೀರರಾಜೇಂದ್ರನು ಇಲ್ಲಿ ನೆಲೆ ಕಲ್ಪಿಸಿದ್ದನು. 'ಅನ್ನಪೂರ್ಣೆ'ಯನ್ನು ಬಲ್ಲ ಕನ್ನಡಿಗರಿಗೆ 'ಅನ್ನಮ್ಮ' ಎಂಬುದು 'ಅನ್ನ ನೀಡುವ ತಾಯಿ' ಎಂದು ಕೇಳಿಸುವುದು ಸಹಜ. ಆದರೆ ಈ ಹೆಸರಿಗೂ ಸಂಸ್ಕೃತದ 'ಅದ್' (ತಿನ್ನು) ಧಾತುವಿನಿಂದ ಬಂದ 'ಅನ್ನ'ಕ್ಕೂ ಸಂಬಂಧವಿಲ್ಲ. ಇದರ '-ಅಮ್ಮ' ಗೌರವಸೂಚಕ ಮಾತ್ರವಲ್ಲ, ಲಿಂಗಸೂಚಕವೂ ಹೌದು ಎಂಬುದು ನಮ್ಮ ವಾದ.

ಮೂಲ ಹೀಬ್ರೂ ರೂಪ 'ಹನ್ನಾ'. 'ಅನುಗ್ರಹ ತೋರು' ಎಂಬರ್ಥದ ಹ್-ನ್-ನ್ ಧಾತುವೇ ಇದರ ಆಧಾರ. 'ಯೋಹಾನ'ದ ಉತ್ತರಾರ್ಧದಲ್ಲಿಯೂ ಇದೇ ಧಾತುವಿದೆ. ಆದಿಯ ವ್ಯಂಜನವು ಕನ್ನಡದ ಹಕಾರವಲ್ಲ. ಗಂಟಲಿನಲ್ಲಿ ಹುಟ್ಟುವ ಅಘೋಷ ಘರ್ಷಧ್ವನಿ. ಅದಕ್ಕೆ ತಕ್ಕ ಅಕ್ಷರವಿಲ್ಲದ ಗ್ರೀಕಿನಲ್ಲಿ ಹೆಸರು 'ಅನ್ನಾ' ಆಯಿತು. ಲ್ಯಾಟಿನ್ ಅದನ್ನೇ ಉಳಿಸಿಕೊಂಡಿತು. ಕನ್ನಡ ಸತ್ಯವೇದದಲ್ಲಿ ಎರಡು ರೂಪಗಳೂ ಇವೆ: ಸಮುವೇಲನ ತಾಯಿ 'ಹನ್ನ', ಲೂಕನ ಸುವಾರ್ತೆಯ ಪ್ರವಾದಿನಿ 'ಅನ್ನ'. ಆದ್ದರಿಂದ ಈ ಹಕಾರಲೋಪ ಕನ್ನಡದಲ್ಲಿ ನಡೆದುದಲ್ಲ. ಮರಿಯಳ ತಾಯಿಯಾದ ಸಂತ ಅನ್ನಮ್ಮನ ಹೆಸರು ಬೈಬಲಿನಲ್ಲಿಲ್ಲ; ಯಾಕೋಬನ ಹೆಸರಿನಲ್ಲಿ ಪ್ರಚಲಿತವಾದ 2ನೆಯ ಶತಮಾನದ ಗ್ರೀಕ್ ಕೃತಿಯಲ್ಲಿದೆ. ಅಲ್ಲಿನ ಬಂಜೆತನ, ಪ್ರಾರ್ಥನೆ, ಸಂತಾನಲಾಭಗಳ ಕಥನವು ಸಮುವೇಲನ ತಾಯಿಯ ಕಥೆಯನ್ನೇ ಹೋಲುತ್ತದೆ.

ಹೀಬ್ರೂವಿನಲ್ಲಿ ಅಂತ್ಯದ 'ಆ' ಸ್ತ್ರೀಲಿಂಗದ ಗುರುತು. ಕನ್ನಡದಲ್ಲಿ ಅದು ಹ್ರಸ್ವವಾದಾಗ ಲಿಂಗಸೂಚನೆ ಮಸುಕಾಗುತ್ತದೆ. 'ಅಕ್ಕ', 'ಅವ್ವ'ದಂತಹ ಬಂಧುವಾಚಕಗಳನ್ನು ಬಿಟ್ಟರೆ, 'ರಾಮ', 'ಭೀಮ'ಗಳಂತೆ ಅಕಾರಾಂತ ವ್ಯಕ್ತಿನಾಮಗಳು ಸಾಮಾನ್ಯವಾಗಿ ಪುಲ್ಲಿಂಗ. 'ಸೀತಾ' 'ಸೀತೆ'ಯಾದಂತೆ ಇದು 'ಅನ್ನೆ' ಆಗಲಿಲ್ಲ. ಬದಲಿಗೆ ಎರಡು ಪರಿಹಾರಗಳು ದೊರೆತವು. ಬೈಬಲಿನ ಅನುವಾದಕರು '-ಅಳು' ಪ್ರತ್ಯಯ ಸೇರಿಸಿ 'ಅನ್ನಳು' ಎಂದರು. ಭಕ್ತರ ಬಳಕೆಯು 'ಅಮ್ಮ'ನನ್ನು ಸೇರಿಸಿತು. ಲೋಪಸಂಧಿಯಿಂದ 'ಅನ್ನಮ್ಮ' ಸಿದ್ಧಿಸಿತು. 'ಮರಿಯಳು', 'ಮರಿಯಮ್ಮ' ಎಂಬ ಜೋಡಿಯೂ ಇದನ್ನೇ ಸಮರ್ಥಿಸುತ್ತದೆ.

ಬೆಂಗಳೂರಿನ ಗ್ರಾಮದೇವತೆ 'ಅಣ್ಣಮ್ಮ'ನ ಹೆಸರನ್ನು ಇದರೊಡನೆ ಬೆರೆಸಲಾಗದು. ನಕಾರ-ಣಕಾರಗಳ ಭೇದ ಕನ್ನಡದಲ್ಲಿ ಅರ್ಥಭೇದಕ. 'ಅನ್ನ'ದೊಡನೆ ಇರುವ ಧ್ವನಿಸಾಮ್ಯವಾದರೋ ಆಕಸ್ಮಿಕ. ಆದರೂ ಅದು ಈ ಅನ್ಯದೇಶ್ಯ ಹೆಸರಿಗೆ ಕನ್ನಡದಲ್ಲಿ ಹೊಸ ಅರ್ಥವೊಂದನ್ನು ಒದಗಿಸಬಲ್ಲುದು. ವ್ಯುತ್ಪತ್ತಿಯನ್ನು ಹೇಳುವಾಗ ಆ ಅರ್ಥವನ್ನು ಮೂಲವೆಂದು ಎಣಿಸಬಾರದು. ಬಳಕೆಯನ್ನು ವಿವರಿಸುವಾಗ ಕಡೆಗಣಿಸಲೂಬಾರದು.