ದೋರನಹಳ್ಳಿಯ ಸಂತ ಅಂತೋಣಿ ಮತ್ತು 'ಸ್ವಸ್ಥಬೋಧನೆ': ಕನ್ನಡ ಕ್ರೈಸ್ತ ಉಪದೇಶ ಪರಂಪರೆಯ ಒಂದು ವಿವೇಚನೆ

೧

ಧರ್ಮವೊಂದು ತಾನು ಹುಟ್ಟಿದ ಭಾಷೆಯನ್ನು ದಾಟಿ ಇನ್ನೊಂದು ಭಾಷೆಗೆ ಬಂದಾಗ ಅದರ ಆಚರಣೆಗಳು ಬೇಗ ನೆಲೆಯೂರುತ್ತವೆ. ಅದರ ತಿಳಿವು ನಿಧಾನವಾಗಿ ಬೇರುಬಿಡುತ್ತದೆ. ಹಬ್ಬ, ಹರಕೆ, ಮೆರವಣಿಗೆ, ದೀಪಗಳಿಗೆ ಅನುವಾದದ ಅಗತ್ಯವಿಲ್ಲ. ಆದರೆ ಏತಕ್ಕಾಗಿ ಈ ಹಬ್ಬ, ಯಾರ ಮುಂದೆ ಈ ದೀಪ ಎಂಬ ಪ್ರಶ್ನೆಗೆ ಉತ್ತರ ಹೇಳಲು ಪದಗಳು ಬೇಕು, ಆ ಪದಗಳನ್ನು ಬಿಡಿಸಿ ಹೇಳುವ ಬೋಧಕರು ಬೇಕು. ಕ್ರೈಸ್ತ ಪರಂಪರೆಯು ಈ ಎರಡನೆಯ ಕೆಲಸಕ್ಕೆ ಆರಂಭದಿಂದಲೂ ವಿಶೇಷ ಮಹತ್ವವನ್ನು ಕೊಟ್ಟಿದೆ. ಆ ಮಹತ್ವದ ಸ್ವರೂಪವನ್ನು ಒಂದು ಪದದ ಮೂಲಕ, ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಒಂದು ಕ್ಷೇತ್ರದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಪದ 'ಸ್ವಸ್ಥಬೋಧನೆ'. ಆ ಕ್ಷೇತ್ರ ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿ.

೨

ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಎರಡು ಪತ್ರಗಳೂ ತೀತನಿಗೆ ಬರೆದ ಒಂದು ಪತ್ರವೂ ಸಭೆಗಳ ಮೇಲ್ವಿಚಾರಣೆಯ ವಿಷಯವಾಗಿರುವುದರಿಂದ ಅವುಗಳನ್ನು ಪಾಲನಾಪತ್ರಗಳೆಂದು ಕರೆಯುವುದುಂಟು. ಪರಂಪರೆಯು ಇವುಗಳನ್ನು ಪೌಲನ ಕೃತಿಗಳೆಂದು ಹೇಳುತ್ತದೆ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಅವನ ಶಿಷ್ಯವರ್ಗದ ರಚನೆಗಳೆಂದು ಭಾವಿಸುತ್ತಾರೆ. ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಗ್ರೀಕ್ ನುಡಿಗಟ್ಟೊಂದಕ್ಕೆ ಕನ್ನಡ ಬೈಬಲಿನಲ್ಲಿ 'ಸ್ವಸ್ಥಬೋಧನೆ' ಎಂಬ ಪದ ಬಳಕೆಯಾಗಿದೆ. ಮೂಲದಲ್ಲಿರುವ 'ಹ್ಯುಗಿಯಾಯ್ನೊ' ಎಂಬ ಕ್ರಿಯಾಪದಕ್ಕೆ 'ಆರೋಗ್ಯವಾಗಿರು' ಎಂದೇ ಅರ್ಥ; ಗ್ರೀಕರ ಆರೋಗ್ಯದೇವತೆ 'ಹ್ಯುಗಿಯೇಯ'ಳ ಹೆಸರೂ ಇದೇ ಮೂಲದ್ದು. ಬೋಧನೆಗೆ 'ಸತ್ಯವಾದ' ಅಥವಾ 'ಅಧಿಕೃತವಾದ' ಎಂಬ ವಿಶೇಷಣವನ್ನಷ್ಟೇ ಹಚ್ಚಿ ತೃಪ್ತರಾಗದೆ ವೈದ್ಯದ ಪರಿಭಾಷೆಯನ್ನು ಆರಿಸಿಕೊಂಡಿರುವುದು ಗಮನಾರ್ಹ. ತಪ್ಪಾದ ಬೋಧನೆ ಕೇವಲ ತರ್ಕದೋಷವಲ್ಲ, ಅದು ಸಮುದಾಯದ ಮೈಗೆ ಹತ್ತುವ ರೋಗ. ಸರಿಯಾದ ಬೋಧನೆ ಕೇವಲ ಸಿದ್ಧಾಂತವಲ್ಲ, ಅದು ಬದುಕನ್ನು ಪೋಷಿಸುವ ಪಥ್ಯ ಎಂಬ ಸೂಚನೆ ಇದರಲ್ಲಿದೆ.

ಕನ್ನಡದ 'ಸ್ವಸ್ಥ' ಪದವು ಈ ಅರ್ಥಕ್ಕೆ ಇನ್ನೊಂದು ಆಯಾಮವನ್ನು ಕೂಡಿಸುತ್ತದೆ. 'ಸ್ವ' ಮತ್ತು 'ಸ್ಥ' ಎಂದು ಬಿಡಿಸಿದರೆ 'ತನ್ನಲ್ಲಿ ತಾನು ನೆಲೆನಿಂತಿರುವ' ಎಂಬ ಅರ್ಥ ಹೊರಡುತ್ತದೆ. ಸುಶ್ರುತಸಂಹಿತೆಯು ಸ್ವಸ್ಥನನ್ನು ನಿರೂಪಿಸುವಾಗ ದೋಷ, ಅಗ್ನಿ, ಧಾತುಗಳ ಸಮಸ್ಥಿತಿಯ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಹೇಳುತ್ತದೆ. ಆದ್ದರಿಂದ ಕನ್ನಡ ಓದುಗನಿಗೆ 'ಸ್ವಸ್ಥಬೋಧನೆ' ಎಂದರೆ ದೋಷವಿಲ್ಲದ ಬೋಧನೆ ಮಾತ್ರವಾಗದೆ, ಸಮತೋಲವುಳ್ಳ, ಮನಸ್ಸನ್ನು ಪ್ರಸನ್ನಗೊಳಿಸುವ ಬೋಧನೆಯೂ ಆಗುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಆರಂಭದಲ್ಲಿಯೇ ಉಪದೇಶದ ಗುರಿ ಪ್ರೀತಿ ಎಂದು ಹೇಳಿರುವುದನ್ನು ನೆನೆದರೆ ಅನುವಾದಕರ ಈ ಆಯ್ಕೆಯ ಔಚಿತ್ಯ ಸ್ಪಷ್ಟವಾಗುತ್ತದೆ. ಎರಡನೆಯ ಪತ್ರವು ಇದರ ಮತ್ತೊಂದು ಮುಖವನ್ನು ತೋರಿಸುತ್ತದೆ: ಜನರು ಸ್ವಸ್ಥಬೋಧನೆಯನ್ನು ಸಹಿಸದೆ ತಮ್ಮ ಕಿವಿಗೆ ಹಿತವಾದುದನ್ನು ಹೇಳುವ ಬೋಧಕರನ್ನೇ ಕೂಡಿಸಿಕೊಳ್ಳುವ ಕಾಲ ಬರುವುದೆಂಬ ಎಚ್ಚರಿಕೆ ಅಲ್ಲಿದೆ. ಅಂದರೆ ಅಸ್ವಸ್ಥಬೋಧನೆಗೆ ಬೋಧಕನಷ್ಟೇ ಕೇಳುಗನೂ ಹೊಣೆಗಾರ.

೩

ಕನ್ನಡದಲ್ಲಿ ಕ್ರೈಸ್ತ ಉಪದೇಶದ ಇತಿಹಾಸ ಮೈಸೂರು ಸೀಮೆಯೊಡನೆಯೇ ಹೆಣೆದುಕೊಂಡಿದೆ. ಹದಿನೇಳನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು ಉಪದೇಶ ಗ್ರಂಥವನ್ನೂ ವ್ಯಾಕರಣ, ನಿಘಂಟುಗಳನ್ನೂ ರಚಿಸಿದರೆಂದು ಮಿಷನ್ ಚರಿತ್ರೆಗಳು ಹೇಳುತ್ತವೆ. ಉಪದೇಶವೂ ವ್ಯಾಕರಣವೂ ಒಂದೇ ಮೇಜಿನ ಮೇಲೆ ಹುಟ್ಟಿದ ಈ ಸಂಗತಿ ಆಕಸ್ಮಿಕವಲ್ಲ. ಭಾಷೆಯ ಕಟ್ಟನ್ನು ಅರಿಯದವನು ಆ ಭಾಷೆಯಲ್ಲಿ ಬೋಧಿಸಲಾರ.

೧೭೭೩ರಲ್ಲಿ ರೋಮಿನ ಪೋಪರು ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ಮೈಸೂರಿನ ಕ್ರೈಸ್ತರ ಹೊಣೆ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಗೆ ಬಂದಿತು. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದುದು, ೧೭೯೯ರಲ್ಲಿ ಆ ಪಟ್ಟಣ ಬಿದ್ದುದು, ಇವೆಲ್ಲದರ ನಡುವೆ ಬೋಧಕರಿಲ್ಲದೆ ಉಳಿದ ಸಣ್ಣ ಸಣ್ಣ ಸಮುದಾಯಗಳಲ್ಲಿ ಕೆಲಸಮಾಡಿದವರು ಅಬೆ ದ್ಯುಬುವಾ. ೧೭೯೨ರಲ್ಲಿ ಭಾರತಕ್ಕೆ ಬಂದು ೧೮೨೩ರಲ್ಲಿ ಹಿಂದಿರುಗಿದ ಇವರು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಭಾರತೀಯ ಭಾಷೆಗಳಿಗೆ ಆಗುತ್ತಿದ್ದ ಬೈಬಲ್ ಅನುವಾದಗಳ ಗುಣಮಟ್ಟವನ್ನು ಕಟುವಾಗಿ ಟೀಕಿಸಿದರು. ಸಿದ್ಧತೆಯಿಲ್ಲದ ಓದುಗನ ಕೈಗೆ ಒರಟಾದ ಅನುವಾದವನ್ನು ಕೊಟ್ಟರೆ ಗೌರವಕ್ಕಿಂತ ತಿರಸ್ಕಾರವೇ ಹುಟ್ಟೀತೆಂಬುದು ಅವರ ಆತಂಕ. ಜೇಮ್ಸ್ ಹಫ್ ಮೊದಲಾದ ಪ್ರಾಟೆಸ್ಟಂಟ್ ಲೇಖಕರು ೧೮೨೪ರಲ್ಲಿಯೇ ಇದಕ್ಕೆ ಪ್ರತ್ಯುತ್ತರ ಬರೆದರು. ಅತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ್ದ ಅನುವಾದ ಕಾರ್ಯ ೧೮೩೧ರ ವೇಳೆಗೆ ಸಂಪೂರ್ಣ ಕನ್ನಡ ಬೈಬಲಿನ ರೂಪ ಪಡೆಯಿತು.

ಈ ವಾಗ್ವಾದವನ್ನು ಎರಡು ಪಂಗಡಗಳ ಪೈಪೋಟಿಯೆಂದು ಮಾತ್ರ ಓದಿದರೆ ಅದರ ತಿರುಳು ಕೈತಪ್ಪುತ್ತದೆ. ಗ್ರಂಥ ಮೊದಲೋ, ಬೋಧಕ ಮೊದಲೋ ಎಂಬುದು ಅಲ್ಲಿದ್ದ ನಿಜವಾದ ಪ್ರಶ್ನೆ. ಬೋಧಕನಿಲ್ಲದ ಗ್ರಂಥ ತಪ್ಪು ತಿಳಿವಿಗೆ ಎಡೆಮಾಡಬಹುದು. ಗ್ರಂಥವಿಲ್ಲದ ಜನ ಬೋಧಕನ ಮಾತನ್ನು ಒರೆಹಚ್ಚಿ ನೋಡಲಾರರು. ಅನಂತರದ ಇತಿಹಾಸ ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯಾಂಶವಿತ್ತೆಂದು ತೋರಿಸಿದೆ. ಕನ್ನಡ ಬೈಬಲ್ ಹಲವು ಬಾರಿ ಪರಿಷ್ಕರಣಗೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ಬಳಿಕ ಕಥೋಲಿಕರ ಪೂಜಾವಿಧಿಯೂ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದಿತು.

೪

ಪದಗಳ ಆಯ್ಕೆಯಲ್ಲಿ ಬೋಧನೆಯ ಸಮಸ್ಯೆ ಹೇಗೆ ಅಡಗಿದೆ ಎಂಬುದಕ್ಕೆ ಮೂರು ಉದಾಹರಣೆಗಳು ಸಾಕು. ದೇವರು ಮನುಷ್ಯನಾದನೆಂಬ ನಂಬಿಕೆಯನ್ನು ಹೇಳಲು ಕನ್ನಡ ಕ್ರೈಸ್ತರು 'ಮನುಷ್ಯಾವತಾರ' ಎಂಬ ಪದವನ್ನು ಬಳಸುತ್ತಾರೆ. 'ಅವತಾರ' ಎಂದೊಡನೆ ಕನ್ನಡಿಗನ ಮನಸ್ಸಿಗೆ ದಶಾವತಾರ ಬರುತ್ತದೆ, ಯುಗಯುಗಕ್ಕೂ ಮರಳುವ ಇಳಿದುಬರುವಿಕೆ ಬರುತ್ತದೆ. ಕ್ರೈಸ್ತ ಬೋಧನೆಯಾದರೋ ಇದು ಒಮ್ಮೆ ಮಾತ್ರ ನಡೆದುದು ಎನ್ನುತ್ತದೆ. ಎರಡನೆಯದಾಗಿ, ದೇವರ ಅನುಗ್ರಹಕ್ಕೆ ಕಥೋಲಿಕ ಬಳಕೆಯಲ್ಲಿರುವ 'ವರಪ್ರಸಾದ' ಪದ. ವರವನ್ನು ತಪಸ್ಸಿನಿಂದ ಗಳಿಸುವುದು ನಮ್ಮ ಪುರಾಣಗಳ ಕ್ರಮ. ಪ್ರಸಾದವನ್ನು ಪೂಜೆಯಾದ ಮೇಲೆ ಪಡೆಯುವುದು ದೇವಾಲಯದ ಕ್ರಮ. ಗಳಿಕೆಯಿಲ್ಲದೆ ಬರುವ ಕೊಡುಗೆ ಎಂಬ ಕ್ರೈಸ್ತ ಅರ್ಥ ಇವೆರಡಕ್ಕಿಂತ ಭಿನ್ನ. ಮೂರನೆಯದು 'ಮಾನಸಾಂತರ'. ಗ್ರೀಕಿನ 'ಮೆತನೋಯ' ಎಂದರೆ ಮನಸ್ಸಿನ ಮಾರ್ಪಾಟು. ಆ ಪದಕ್ಕೆ ಇದು ಸರಿಸಮನಾದ ರಚನೆ. ಕಳೆದುದಕ್ಕಾಗಿ ಮರುಗುವ 'ಪಶ್ಚಾತ್ತಾಪ'ಕ್ಕಿಂತ ಮುಂದಿನ ನಡೆಯನ್ನು ಬದಲಿಸುವ 'ಮಾನಸಾಂತರ' ಮೂಲಾರ್ಥಕ್ಕೆ ಹತ್ತಿರವಾದುದು.

ಇವುಗಳಲ್ಲಿ ಮೊದಲೆರಡು ಪದಗಳನ್ನು ತಪ್ಪು ಅನುವಾದಗಳೆನ್ನುವಂತಿಲ್ಲ. ಜನರಿಗೆ ಪರಿಚಿತವಾದ ಪದವನ್ನು ಹಿಡಿಯದೆ ಹೊಸ ಅರ್ಥವನ್ನು ಮುಟ್ಟಿಸಲು ಸಾಧ್ಯವಿಲ್ಲ. ಆದರೆ ಅನುವಾದಕನು ನಿಲ್ಲಿಸಿದಲ್ಲಿಂದ ಬೋಧಕನು ಆರಂಭಿಸಬೇಕು. ಹಳೆಯ ಪದದೊಳಗೆ ಹೊಸ ಅರ್ಥವನ್ನು ತುಂಬಬೇಕು. ಪ್ರಶ್ನೋತ್ತರ ರೂಪದ ಉಪದೇಶ ಗ್ರಂಥಗಳು ಹುಟ್ಟಿದುದು ಈ ಅಗತ್ಯದಿಂದ. ೧೫೨೯ರಲ್ಲಿ ಲೂಥರನು ಮನೆಮನೆಯ ಬಳಕೆಗೆಂದು ಚಿಕ್ಕ ಉಪದೇಶ ಪುಸ್ತಕವನ್ನು ಬರೆದನು. ಟ್ರೆಂಟ್ ಮಹಾಸಭೆಯ ಬಳಿಕ ೧೫೬೬ರಲ್ಲಿ ಕಥೋಲಿಕ ಗುರುಗಳಿಗಾಗಿ ರೋಮನ್ ಉಪದೇಶ ಗ್ರಂಥ ಹೊರಬಂದಿತು. ಇಂತಹ ಗ್ರಂಥಗಳ ಪಾಶ್ಚಾತ್ಯ ಹೆಸರಿನ ಮೂಲವಾದ 'ಕತೆಖೇಯೊ' ಎಂಬ ಗ್ರೀಕ್ ಪದಕ್ಕೆ 'ಕಿವಿಯಲ್ಲಿ ಮೊಳಗಿಸು' ಎಂದರ್ಥ. ಕೇಳಿ ಕಲಿಯುವ ನಮ್ಮ 'ಶ್ರುತಿ'ಯ ಕಲ್ಪನೆಗೆ ಇದು ದೂರವಾದುದಲ್ಲ. ಇದೇ ಸೀಮೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಪ್ಪದ ಸಮೀಪದ ಬೈಲಕುಪ್ಪೆಯ ಟಿಬೆಟನ್ ಬೌದ್ಧ ವಿದ್ಯಾಪೀಠಗಳಲ್ಲಿ ಭಿಕ್ಷುಗಳು ಕೈತಟ್ಟಿ ಪ್ರಶ್ನೆ ಕೇಳಿ, ವಾದಿಸಿ ಶಾಸ್ತ್ರವನ್ನು ಕಲಿಯುತ್ತಾರೆ. ಪ್ರಶ್ನೆಗೆ ಒಡ್ಡಿಕೊಳ್ಳದ ನಂಬಿಕೆ ಗಟ್ಟಿಯಾಗದು ಎಂಬ ಅರಿವು ಎರಡು ಧರ್ಮಗಳಿಗೂ ಸಮಾನವಾಗಿದೆ.

೫

ದೋರನಹಳ್ಳಿಯ ಐತಿಹ್ಯವನ್ನು ಈ ಹಿನ್ನೆಲೆಯಲ್ಲಿ ಓದಬಹುದು. ಸುಮಾರು ಇನ್ನೂರು ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮರದ ಪ್ರತಿಮೆಯೊಂದು ಸಿಕ್ಕಿತು. ಅದನ್ನು ಬೊಂಬೆಯೆಂದು ತಿಳಿದು ಅವನು ಮಕ್ಕಳಿಗೆ ಆಡಲು ಕೊಟ್ಟನು. ಅದು ಬೊಂಬೆಯಲ್ಲ, ತನಗೊಂದು ಗುಡಿ ಕಟ್ಟಿಸು ಎಂದು ಕನಸಿನಲ್ಲಿ ಆಜ್ಞೆಯಾಯಿತು. ಅಲಕ್ಷಿಸಿದಾಗ ಮನೆಗೆ ಕಷ್ಟಗಳು ಬಂದವು. ಕೊನೆಗೆ ಗುಡಿ ಎದ್ದಿತು. ಇಂದು ಜೂನ್ ೧೩ರ ಹಬ್ಬಕ್ಕೆ ಎಲ್ಲ ಮತಗಳ ಜನರೂ ಅಲ್ಲಿಗೆ ಬರುತ್ತಾರೆ. ೨೦೧೯ರಲ್ಲಿ ಈ ದೇವಾಲಯಕ್ಕೆ ಬೆಸಿಲಿಕಾ ಎಂಬ ಗೌರವ ಸಂದಿತು.

ಹೊಲದಲ್ಲಿ ಸಿಕ್ಕ ವಿಗ್ರಹ, ಕನಸು, ಮುನಿಸು, ಗುಡಿ ಎಂಬ ಈ ಕ್ರಮ ನಮ್ಮ ಗ್ರಾಮದೇವತೆಗಳ ಕಥೆಗಳಲ್ಲಿ ಕಾಣುವ ಆಶಯವೇ ಆಗಿದೆ. ಆದರೆ ಕಥೆಯ ನಡುವೆ ಒಂದು ಸೂಕ್ಷ್ಮವಿದೆ. ಕಣ್ಣಿಗೆ ಕಂಡ ವಸ್ತು ಒಂದೇ. ತಿಳಿಯದವನಿಗೆ ಅದು ಬೊಂಬೆ, ತಿಳಿದವನಿಗೆ ಸಂತನ ಪ್ರತಿಮೆ. ಆ ಪ್ರತಿಮೆ ಅಂತೋಣಿಯದೆಂದು ಗುರುತಿಸಲು ಅಂತೋಣಿ ಯಾರೆಂದು ಬಲ್ಲವರು ಬೇಕು. ಗುರುತಿಲ್ಲದ ಭಕ್ತಿ ಕುರುಡಾಗುತ್ತದೆ ಎಂಬ ಮಾತನ್ನು ಕಥೆ ತನ್ನದೇ ರೀತಿಯಲ್ಲಿ ಹೇಳುತ್ತಿದೆ.

ಹಾಗಾದರೆ ಅಂತೋಣಿ ಯಾರು? ೧೧೯೫ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ ೧೨೩೧ರಲ್ಲಿ ಇಟಲಿಯ ಪಾದುವದ ಬಳಿ ತೀರಿಕೊಂಡ ಇವರು ಮೊದಲಿಗೆ ಬೋಧಕರು. ವಿದ್ಯೆಯಿಂದ ಅಹಂಕಾರ ಬಂದೀತೆಂದು ಅಂಜುತ್ತಿದ್ದ ಅಸ್ಸೀಸಿಯ ಫ್ರಾನ್ಸಿಸರು, ಪ್ರಾರ್ಥನೆಯ ಚೈತನ್ಯ ನಂದದಿರಲಿ ಎಂಬ ಒಂದೇ ನಿಬಂಧನೆಯೊಡನೆ ತಮ್ಮ ಸಹೋದರರಿಗೆ ದೈವಶಾಸ್ತ್ರವನ್ನು ಕಲಿಸಲು ಇವರಿಗೆ ಅನುಮತಿ ಇತ್ತರು. ೧೯೪೬ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಇವರನ್ನು ಧರ್ಮಸಭೆಯ ಆಚಾರ್ಯರೆಂದು ಘೋಷಿಸಿದರು. ಕಳೆದ ವಸ್ತುವನ್ನು ದೊರಕಿಸಿಕೊಡುವ ಸಂತನೆಂದು ಜನ ಇವರನ್ನು ಪ್ರಾರ್ಥಿಸುವುದರ ಹಿಂದೆಯೂ ಒಂದು ಕಥೆಯಿದೆ: ಮಠ ತೊರೆದ ಕಿರಿಯನೊಬ್ಬ ಒಯ್ದಿದ್ದ ಇವರ ಕೀರ್ತನೆಗಳ ಗ್ರಂಥ, ಪಾಠಕ್ಕಾಗಿ ಟಿಪ್ಪಣಿ ಬರೆದಿದ್ದ ಪುಸ್ತಕ, ಪ್ರಾರ್ಥನೆಯ ಫಲವಾಗಿ ಹಿಂದಿರುಗಿ ಬಂತಂತೆ. ಅಂದು ಕಳೆದುಹೋಗಿದ್ದುದು ಬೋಧನೆಯ ಪುಸ್ತಕ. ಅಂತೋಣಿಯ ಪ್ರತಿಮೆಗಳಲ್ಲಿ ಬಾಲಯೇಸುವಿನೊಡನೆ ಪುಸ್ತಕವೂ ಸಾಮಾನ್ಯವಾಗಿ ಕಾಣುವುದನ್ನು ಇಲ್ಲಿ ನೆನೆಯಬಹುದು.

೬

ಹರಕೆ ಹೊತ್ತು ಬರುವವರ ಭಕ್ತಿಯನ್ನು ಕೀಳೆಂದು ಕಾಣುವುದು ಸ್ವಸ್ಥಬೋಧನೆಯ ಲಕ್ಷಣವಲ್ಲ. ಕಷ್ಟದಲ್ಲಿರುವವನು ದೇವರ ಬಾಗಿಲಿಗೆ ಬರುವುದು ಸಹಜ. ಬೋಧನೆಯ ಕೆಲಸ ಆ ಬಾಗಿಲಿನಿಂದ ಆರಂಭವಾಗುತ್ತದೆ: ದೇವರೊಡನೆ ಮಾಡಿಕೊಂಡ ವ್ಯವಹಾರವೆಂಬಂತಿರುವ ಹರಕೆಯನ್ನು ನಂಬುಗೆಯ ಸಂಬಂಧವಾಗಿ ಬೆಳೆಸುವುದು ಅದರ ಗುರಿ. ಹಾಗೆಯೇ ಬೋಧನೆ ಸರಿಯಿದೆಯೆಂಬ ಹೆಮ್ಮೆಯಷ್ಟರಿಂದ ಅದು ಸ್ವಸ್ಥವಾಗದು. ದೇವರ ಮುಂದೆ ಎಲ್ಲರೂ ಸಮಾನರೆಂದು ಪಠಿಸುತ್ತಲೇ ದಕ್ಷಿಣ ಭಾರತದ ಹಲವು ಚರ್ಚುಗಳು ಜಾತಿಗನುಗುಣವಾಗಿ ಬೇರೆ ಬೇರೆ ಸ್ಥಳಗಳಲ್ಲಿ ಜನರನ್ನು ಕೂರಿಸಿದ ಇತಿಹಾಸ ನಮ್ಮ ಮುಂದಿದೆ. ಅಲ್ಲಿ ಪಾಠ ಸರಿಯಿತ್ತು, ಮೈ ಅಸ್ವಸ್ಥವಾಗಿತ್ತು. ಪಾಲನಾಪತ್ರಗಳು ಬೋಧಕನ ವಾಕ್ಚಾತುರ್ಯಕ್ಕಿಂತ ಅವನ ನಡತೆಯ ಬಗೆಗೆ ಹೆಚ್ಚು ಮಾತನಾಡುವುದಕ್ಕೆ ಕಾರಣ ಇದೇ ಇರಬೇಕು.

ಒಟ್ಟಿನಲ್ಲಿ, ಸ್ವಸ್ಥಬೋಧನೆಗೆ ಮೂರು ಅಂಗಗಳಿವೆ ಎನ್ನಬಹುದು: ಅರ್ಥವನ್ನು ಕೆಡಿಸದ ಪದ, ಆ ಪದವನ್ನು ಬಿಡಿಸಿ ಹೇಳುವ ಬೋಧಕ, ಹೇಳಿದುದಕ್ಕೆ ಸಾಕ್ಷಿಯಾಗುವ ಸಮುದಾಯದ ಬಾಳು. ಚಿನ್ನಮಿಯ ಕಾಲದಿಂದ ಇಂದಿನವರೆಗೆ ಕನ್ನಡವು ಮೊದಲನೆಯದನ್ನು ಧಾರಾಳವಾಗಿ ಒದಗಿಸಿದೆ. ಉಳಿದೆರಡನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿಯೇ ಗಳಿಸಿಕೊಳ್ಳಬೇಕಾಗಿದೆ.