ಮೃತ್ಯುವೇ ಗೆಳೆಯನಾದ ಚಿತ್ರ
ನಿಮಗಿದು ಗೊತ್ತೆ? ಸ್ವೀಡನ್ ದೇಶದ ಇಂಗ್ಮಾರ್ ಬರ್ಗ್‌ಮನ್ ತಮ್ಮ 1957ರ ‘ದಿ ಸೆವೆಂತ್ ಸೀಲ್’ ಚಿತ್ರದಲ್ಲಿ ಕರಿಯ ನಿಲುವಂಗಿ ತೊಟ್ಟ ಮೃತ್ಯುವನ್ನು ಕಡಲ ತಡಿಯಲ್ಲಿ ಯೋಧನೊಬ್ಬನೊಡನೆ ಚದುರಂಗದಾಟಕ್ಕೆ ಕುಳ್ಳಿರಿಸಿದರೆ, ನಂಜನಗೂಡಿನಲ್ಲಿ ಜನಿಸಿ, ಪಾದರಕ್ಷೆಯನ್ನು ತ್ಯಜಿಸಿ ಬರಿಗಾಲಿನಲ್ಲಿಯೇ ಸಂಚರಿಸುತ್ತಿದ್ದ ನಮ್ಮ ಜಿ. ವಿ. ಅಯ್ಯರ್ ಅವರು 1983ರ ‘ಆದಿ ಶಂಕರಾಚಾರ್ಯ’ದಲ್ಲಿ ಅದೇ ಮೃತ್ಯುವನ್ನು, ಪ್ರಜ್ಞಾನನೆಂಬ ಮತ್ತೊಬ್ಬನೊಡಗೂಡಿ ಶಂಕರರ ಜೊತೆಜೊತೆಗೆ ನಡೆಯುವ ಗೆಳೆಯನನ್ನಾಗಿಸಿದರು; ಭಯಂಕರನಾಗಬೇಕಾದವನು ಸಹಪಥಿಕನಾದ ಈ ಕಲ್ಪನೆಯೇ ಹೆಚ್ಚು ಆತ್ಮೀಯವೆಂದು ನಮಗೆ ತೋರುತ್ತದೆ. ಸಂಸ್ಕೃತದ ಈ ಪ್ರಥಮ ಕಥಾಚಿತ್ರಕ್ಕೆ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಲಭಿಸಿತು. ತರುವಾಯ ಅವರು ‘ಮಧ್ವಾಚಾರ್ಯ’ವನ್ನು ಕನ್ನಡದಲ್ಲಿಯೂ ‘ರಾಮಾನುಜಾಚಾರ್ಯ’ವನ್ನು ತಮಿಳಿನಲ್ಲಿಯೂ ರಚಿಸಿದುದರಿಂದ, ಎರಡು ನುಡಿಗಳನ್ನೂ ಬಲ್ಲ ಪ್ರೇಕ್ಷಕರು ಇವೆರಡನ್ನೂ ಅನುವಾದದ ಹಂಗಿಲ್ಲದೆ ಆಸ್ವಾದಿಸಬಹುದು.