ಕೊನೆಯ ಆರು ಸೆಂಟಿಮೀಟರ್

ನೆಲಕ್ಕೂರಿ ಎರಡೂ ಕೈಯಿಂದ ಒತ್ತುವ ಸೈಕಲ್ ಪಂಪಿನ ಹಿಡಿ ಮೇಲಿಂದ ಕೆಳಕ್ಕೆ 50 ಸೆಂಟಿಮೀಟರ್ ಇಳಿಯುತ್ತದೆ ಎನ್ನಿ. ಟೈರಿನಲ್ಲಿ ಆಗಲೇ 100 ಪಿಎಸ್‌ಐ ಗಾಳಿ ಇದ್ದರೆ, ಮೊದಲ 43 ಸೆಂಟಿಮೀಟರ್ ಒತ್ತುವ ತನಕ ಟೈರಿನೊಳಕ್ಕೆ ಗಾಳಿ ಹೋಗುವುದೇ ಇಲ್ಲ. ಅಷ್ಟು ಹೊತ್ತೂ ಪಂಪಿನೊಳಗಿನ ಗಾಳಿ ಮುದುಡಿಕೊಳ್ಳುತ್ತಿರುತ್ತದೆ, ಅಷ್ಟೇ. ಅದರ ಒತ್ತಡ ಟೈರಿನ ಒತ್ತಡವನ್ನು ಮೀರಿದಾಗ ಮಾತ್ರ ವಾಲ್ವ್ ಬಾಯಿಬಿಡುತ್ತದೆ. ನಮ್ಮ ಸುತ್ತಲಿನ ಗಾಳಿಗೆ ಹೆಚ್ಚೂಕಮ್ಮಿ 15 ಪಿಎಸ್‌ಐ ಒತ್ತಡವಿದೆ. ಟೈರಿನ 100 ಎಂದರೆ ಅದರ ಮೇಲೆ ಇನ್ನೂ 100. ಅಂದರೆ ಗಾಳಿಯನ್ನು ಸುಮಾರು ಎಂಟು ಪಟ್ಟು ಒತ್ತಬೇಕು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ, ಒತ್ತಡ ಎಂಟು ಪಟ್ಟಾಗಬೇಕಾದರೆ ಜಾಗ ಎಂಟರಲ್ಲೊಂದು ಪಾಲಿಗೆ ಇಳಿಯಬೇಕು. ಕೊನೆಗೆ ಉಳಿದ ಆರು ಚಿಲ್ಲರೆ ಸೆಂಟಿಮೀಟರಿನಲ್ಲೇ ನಿಜವಾದ ಕೆಲಸ. ಬೇಗ ಬೇಗ ಹೊಡೆದರೆ ಗಾಳಿ ಕಾದು ಹಿಗ್ಗುವುದರಿಂದ ವಾಲ್ವ್ ತುಸು ಮೊದಲೇ ತೆರೆದೀತು. ಪಂಪಿನ ಬುಡ ಕೈಗೆ ಬಿಸಿ ತಾಗುವುದೂ ಅದಕ್ಕೇ. ಡೀಸೆಲ್ ಎಂಜಿನ್ನು ಕಿಡಿ ಇಲ್ಲದೆ ಎಣ್ಣೆಗೆ ಬೆಂಕಿ ಹಚ್ಚುವುದು ಇದೇ ಶಾಖದಿಂದ.

ಇಷ್ಟು ತಿಳಿದರೆ ಪಂಪನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಪಿಸ್ಟನ್ ತಳ ಮುಟ್ಟಿದ ಮೇಲೂ ಅದರ ಕೆಳಗೆ ಒಂದಿಷ್ಟು ಸಂದು ಉಳಿಯುತ್ತದಲ್ಲ, ಅದೇ ಪಂಪಿನ ಶತ್ರು. ಆ ಸಂದು ಎಂಟು ಸೆಂಟಿಮೀಟರಿನಷ್ಟಿದ್ದರೆ ನೀವು ದಿನವಿಡೀ ಹೊಡೆದರೂ ಟೈರು 100 ಮುಟ್ಟುವುದಿಲ್ಲ. ಗಾಳಿ ಆ ಸಂದಿನಲ್ಲೇ ಕುಗ್ಗಿ ಹಿಗ್ಗಿ ಆಟವಾಡುತ್ತಿರುತ್ತದೆ. ಒಳ್ಳೆಯ ಪಂಪಿನಲ್ಲಿ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಕೊಳವೆಯ ಬುಡದಲ್ಲೇ ಇರುತ್ತದೆ. ಹೆಚ್ಚಾಗಿ ಅದೊಂದು ಪುಟ್ಟ ಗುಂಡು ಅಥವಾ ರಬ್ಬರ್ ಬಿಲ್ಲೆ. ಅಗ್ಗದ ಕೆಲವು ಪಂಪುಗಳಲ್ಲಿ ಅದೇ ಇಲ್ಲ, ಟ್ಯೂಬಿನ ವಾಲ್ವನ್ನೇ ನಂಬಿಕೊಂಡು ಕೆಲಸ ನಡೆಯುತ್ತದೆ. ಆಗ ಹೋಸ್ ಪೈಪಿನ ಒಳಜಾಗವೂ ಸಂದಿಗೆ ಸೇರಿತು. ಒಂದು ಮೀಟರ್ ಉದ್ದ, ಐದು ಮಿಲಿಮೀಟರ್ ಒಳವ್ಯಾಸದ ಹೋಸಿನಲ್ಲಿ ಸುಮಾರು 20 ಸಿಸಿ ಗಾಳಿ ಹಿಡಿಯುತ್ತದೆ. ಕೇಳಲು ಅಲ್ಪವೇ. ಆದರೆ 100 ಪಿಎಸ್‌ಐನಲ್ಲಿ 32 ಮಿಲಿಮೀಟರ್ ಒಳವ್ಯಾಸದ ಪಂಪನ್ನು ಒಂದು ಸಲ ಒತ್ತಿದರೆ ಟೈರಿಗೆ ಸೇರುವ ಗಾಳಿಯಲ್ಲಿ ಮೂರನೇ ಒಂದು ಪಾಲನ್ನು ಅದೇ ನುಂಗಿಬಿಡುತ್ತದೆ.

ಇನ್ನು ಕೊಳವೆಯ ದಪ್ಪ. ಬಹಳ ಮಂದಿ ದಪ್ಪ ಪಂಪೇ ಗಟ್ಟಿ ಪಂಪು ಎಂದುಕೊಂಡು ಅದನ್ನೇ ಎತ್ತಿಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. 32 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಎಂಟು ಚದರ ಸೆಂಟಿಮೀಟರ್. 100 ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಏಳು ಕೆ.ಜಿ. ಭಾರ. ಆ ಹಿಡಿಯ ಮೇಲೆ 56 ಕೆ.ಜಿ. ಒತ್ತಬೇಕು, 50 ಕೆ.ಜಿ. ತೂಗುವವರು ಮೈಭಾರವನ್ನೆಲ್ಲ ಹೇರಿದರೂ ಸಾಲದು. ಕೊಳವೆ 38 ಮಿಲಿಮೀಟರ್ ಆದರೆ 80 ಕೆ.ಜಿ. ಬೇಕು. 25 ಆದರೆ 35 ಕೆ.ಜಿ. ಸಾಕು, ಆದರೆ ಹೊಡೆತಗಳು ಹೆಚ್ಚುತ್ತವೆ. ವಿಜಯಪುರ, ಬಾಗಲಕೋಟೆಯ ರೇಸ್ ಸವಾರರ ಸಣ್ಣ ಟೈರಿಗೆ ಉದ್ದನೆಯ, ತೆಳ್ಳಗಿನ ಪಂಪೇ ಸರಿ. ಬೆಟ್ಟ ಹತ್ತುವ ದಪ್ಪ ಟೈರಿನ ಸೈಕಲ್ಲಿಗೆ 30 ಪಿಎಸ್‌ಐ ಸಾಕಾಗಬಹುದು, ಆದರೆ ಐದು ಲೀಟರಿನಷ್ಟು ಜಾಗ ತುಂಬಬೇಕು. ಅದಕ್ಕೆ ದಪ್ಪ ಕೊಳವೆ. ಹಾಲಿನ ಕ್ಯಾನು ಹೊರುವ ಕರಿ ಸೈಕಲ್ಲಿಗೂ, ಮಕ್ಕಳ ಶಾಲೆ ಸೈಕಲ್ಲಿಗೂ 45ರ ಆಸುಪಾಸು ನಡೆಯುತ್ತದೆ. 32 ಮಿಲಿಮೀಟರಿನ ಪಂಪಾದರೆ ಅದಕ್ಕೆ 25 ಕೆ.ಜಿ. ಒತ್ತಿದರೆ ಸಾಕು, ಏಳನೇ ಕ್ಲಾಸಿನ ಹುಡುಗಿಯೂ ತಾನೇ ಗಾಳಿ ಹೊಡೆದುಕೊಳ್ಳಬಹುದು. ನನ್ನ ಮಟ್ಟಿಗೆ ಮನೆಗೊಂದೇ ಪಂಪು ಎನ್ನುವವರಿಗೆ ಇದೇ ಅಳತೆ ಒಳ್ಳೆಯದು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ 160, 200 ಎಂಬ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅಷ್ಟಕ್ಕೆ ಹಿಡಿ ಒತ್ತುವ ಮೈ ಯಾರದು ಎಂದು ಅದು ಹೇಳುವುದಿಲ್ಲವಲ್ಲ.

ಪಂಪಿನ ಆಯಸ್ಸು ಇರುವುದು ಪಿಸ್ಟನ್ನಿನ ತುದಿಯ ವಾಷರಿನಲ್ಲಿ. ಮೇಲಿನ ಮುಚ್ಚಳ ತಿರುಗಿಸಿ ರಾಡು ಎಳೆದರೆ ಅದು ಕಾಣುತ್ತದೆ: ಬಟ್ಟಲಿನಾಕಾರದ ಚರ್ಮದ ತುಂಡು, ಬಾಯಿ ಕೆಳಕ್ಕೆ. ಒತ್ತುವಾಗ ಗಾಳಿಯೇ ಅದರ ಅಂಚನ್ನು ಹಿಗ್ಗಿಸಿ ಕೊಳವೆಯ ಗೋಡೆಗೆ ಅಂಟಿಸುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಮೇಲಕ್ಕೆಳೆದಾಗ ಅಂಚು ಸಡಿಲವಾಗಿ ಹೊರಗಿನ ಗಾಳಿ ಪಕ್ಕದಿಂದ ನುಸುಳಿ ಒಳಗಿಳಿಯುತ್ತದೆ. ಒಂದೇ ತುಂಡು ಚರ್ಮ, ಸೀಲೂ ಅದೇ, ವಾಲ್ವೂ ಅದೇ. ಇಂಥ ಅಚ್ಚುಕಟ್ಟಾದ ಯಂತ್ರಭಾಗ ಬಹಳ ಇಲ್ಲ. ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತ ಪಂಪಿನಲ್ಲಿ ಚರ್ಮ ಒಣಗಿ ಸೆಟೆದುಕೊಂಡು, ಹಿಡಿ ಸರಕ್ಕನೆ ಇಳಿದುಬಿಡುತ್ತದೆ, ಟೈರು ಏಳುವುದಿಲ್ಲ. ಪಂಪು ಕೆಟ್ಟಿತೆಂದು ಗುಜರಿಗೆ ಹಾಕಬೇಡಿ. ವಾಷರಿಗೆ ಗ್ರೀಸು ಸವರಿ ಬೆರಳಿನಿಂದ ತಿಕ್ಕಿ, ಅಂಚನ್ನು ಸುತ್ತಲೂ ಹೊರಕ್ಕೆ ಅಗಲಿಸಿ ಮತ್ತೆ ಕೂರಿಸಿದರೆ ಹಿಡಿ ಮೊದಲಿನಂತೆ ಎದುರೊತ್ತುತ್ತದೆ. 1917ರಲ್ಲಿ ಮಿಲಾನ್ ನಗರದಲ್ಲಿ ಹುಟ್ಟಿದ ಸಿಲ್ಕಾ ಕಂಪನಿಯ ಹಳೆಯ ಪಂಪುಗಳು ಹೊಸ ಚರ್ಮದ ವಾಷರ್ ಒಂದರಿಂದಲೇ ದಶಕಗಳ ಮೇಲೆ ದಶಕ ಬಾಳಿವೆ. ಈಗಿನ ಬಹುತೇಕ ಪಂಪುಗಳಲ್ಲಿರುವುದು ರಬ್ಬರಿನ ಓ-ರಿಂಗ್. ಅದೂ ಒಳ್ಳೆಯದೇ, ಧೂಳು ಹೊಕ್ಕರೆ ಮಾತ್ರ ಬೇಗ ಸವೆಯುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಬೇಕು.

ಗೇಜಿನ ಒಳಗಿರುವುದು ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಚಪ್ಪಟೆ ಕೊಳವೆ. ಜಾತ್ರೆಯಲ್ಲಿ ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಪೀಪಿಯಂತೆ ಅದು ಒತ್ತಡಕ್ಕೆ ನೆಟ್ಟಗಾಗಲು ಹೋಗಿ ಮುಳ್ಳನ್ನು ತಿರುಗಿಸುತ್ತದೆ. ಗೇಜಿನ ತಪ್ಪನ್ನು ಸಾಮಾನ್ಯವಾಗಿ ಪೂರ್ತಿ ಅಳತೆಯ ಮೇಲೆ ಹೇಳುತ್ತಾರೆ. 160ರ ಗೇಜಿನಲ್ಲಿ ಶೇ. 3 ಎಂದರೆ ಎಲ್ಲಿ ನೋಡಿದರೂ ಐದು ಪಿಎಸ್‌ಐ ಆಚೀಚೆ. 100ರಲ್ಲಿ ಅದು ಲೆಕ್ಕಕ್ಕಿಲ್ಲ, 25ರಲ್ಲಿ ಐದನೇ ಒಂದು ಪಾಲು. ನಿಮಗೆ ಬೇಕಾದ ಒತ್ತಡ ಅಂಕಿಗಳ ನಡುಭಾಗದಲ್ಲಿ ಬರುವಂಥ ಗೇಜನ್ನೇ ಆರಿಸಿ. ವಾಲ್ ಟ್ಯೂಬ್ ಹಾಕುವ ಹಳೆಯ ವಾಲ್ವಿನ ಸೈಕಲ್ಲಾದರೆ ಗೇಜಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಆ ರಬ್ಬರ್ ತೊಗಟೆ ಟೈರಿನ ಗಾಳಿಯನ್ನು ಹೊರಕ್ಕೆ ಬಿಡದ ಕಾರಣ, ಮುಳ್ಳು ತೋರಿಸುವುದು ಹೋಸಿನ ಒತ್ತಡವನ್ನು. ಬೆರಳಿನಿಂದ ಅದುಮಿ ನೋಡುವುದೇ ಅಲ್ಲಿ ಪರೀಕ್ಷೆ. ಇನ್ನೊಂದು ಮಾತು: ಗಾಳಿ ಹೊಡೆದು ತಲೆ ಕಿತ್ತಾಗ ಬರುವ ಬುಸ್ಸೆಂಬ ಸದ್ದಿಗೆ ಗಾಬರಿಯಾಗಬೇಡಿ. ಅದು ಬಹುಪಾಲು ಹೋಸಿನಲ್ಲಿ ಉಳಿದ ಗಾಳಿ, ಟೈರಿನದ್ದಲ್ಲ.

ಕೊಳ್ಳಲು ಹೋಗುವಾಗ ಸೈಕಲ್ಲನ್ನೂ ತೆಗೆದುಕೊಂಡು ಹೋಗಿ. ಕಾರಿನ ವಾಲ್ವಿನಂಥ ಶ್ರೇಡರ್ ಆಗಲಿ, ತೆಳ್ಳನೆಯ ಪ್ರೆಸ್ಟಾ ಆಗಲಿ, ತಲೆ ಸಿಕ್ಕಿಸಿ ಬೇಕಾದಷ್ಟು ಗಾಳಿ ಹೊಡೆದು ಕೈಬಿಡಿ. ಹಿಡಿ ತಾನಾಗಿ ಮೇಲೇಳುತ್ತಾ ಬಂದರೆ ಬುಡದ ವಾಲ್ವ್ ಸೋರುತ್ತಿದೆ, ಆ ಪಂಪು ಬೇಡ. ಒತ್ತುವಾಗ ಬುಡ ಅಲುಗಬಾರದು. ಎರಡೂ ಪಾದ ಊರಲು ಜಾಗವಿರಬೇಕು. ಮೇಲಿನ ಮುಚ್ಚಳ ಕೈಯಿಂದಲೋ ಸ್ಪ್ಯಾನರಿನಿಂದಲೋ ಬಿಚ್ಚಲು ಬರುತ್ತದೆಯೇ ನೋಡಿ. ಅಂಟಿಸಿ ಮುಚ್ಚಿದ್ದರೆ ವಾಷರ್ ಹೋದ ದಿನ ಪಂಪೂ ಹೋಯಿತು. ಬೇರೆ ವಾಷರ್, ತಲೆಯೊಳಗಿನ ರಬ್ಬರ್ ಸಿಗುತ್ತದೆಯೇ ಎಂದು ಕೇಳಿ, ಸಿಕ್ಕರೆ ಅಂದೇ ಒಂದೊಂದು ಕೊಂಡಿಟ್ಟುಕೊಳ್ಳಿ. ಇಲ್ಲ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.